ಫ್ಯಾಮಿಲಿ ಕೋರ್ಟ್ ಕೇಸಿಗೆ ಉಚಿತ ವಕೀಲರು: ನಂಬಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು

ಗಾರ್ಮೆಂಟ್ಸ್‌ನಲ್ಲಿ ನನ್ನ ಪಕ್ಕದ ಮೆಷಿನ್‌ನಲ್ಲಿ ಕೂರುವ ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಗಂಡ ಬಿಟ್ಟು ಹೋಗಿ ಎರಡು ವರ್ಷದ ಮೇಲಾಯಿತು. ಮಕ್ಕಳಿಬ್ಬರೂ ಇವರ ಹತ್ತಿರವೇ ಇದ್ದಾರೆ. ಅವನು ಇಲ್ಲಿಯವರೆಗೆ ಒಂದು ರೂಪಾಯಿ ಕಳಿಸಿಲ್ಲ. ಈಗ ಅವನ ಊರಿನ ಕೋರ್ಟಿನಿಂದ ಡೈವೋರ್ಸ್ ಸಮನ್ಸ್ ಬಂದಿದೆ. ಅದು ಬೇರೆ ಜಿಲ್ಲೆ. ಒಬ್ಬ ವಕೀಲರನ್ನು ಕೇಳಿದ್ದಕ್ಕೆ ಮೊದಲೇ 40 ಸಾವಿರ ಕೊಡಬೇಕು ಅಂದರು. ಅಕ್ಕನ ಸಂಬಳ ಬಾಡಿಗೆ, ಸ್ಕೂಲ್ ಫೀಸಿಗೇ ಮುಗಿಯುತ್ತದೆ. ಸರ್ಕಾರದ ಕಡೆಯಿಂದ ಫ್ರೀ ವಕೀಲರು ಸಿಗುತ್ತಾರೆ ಅಂತ ಯಾರೋ ಹೇಳಿದರು. ನಿಜವಾ? ಸಂಬಳ ಬರುವವರಿಗೆ ಕೊಡಲ್ಲ ಅಂತ ಇನ್ನೊಬ್ಬರು ಹೆದರಿಸಿದರು. ಸಿಕ್ಕರೂ ಅವರು ಮನಸ್ಸಿಟ್ಟು ಕೇಸ್ ನಡೆಸುತ್ತಾರಾ, ಇಲ್ಲ ಸುಮ್ನೆ ಡೇಟ್ ತಗೊಂಡು ಹೋಗ್ತಾರಾ?

ಒಬ್ಬ ಓದುಗರು

ನಿಜ, ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, ಸಂಬಳ ಎಷ್ಟಿದ್ದರೂ ಕೊಡಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಅದಕ್ಕಿಂತ ಮೊದಲು ಸಮನ್ಸ್‌ನಲ್ಲಿ ಹಾಜರಾಗಬೇಕಾದ ತಾರೀಖು ಯಾವತ್ತು ಅಂತ ನೋಡಿ.

ಪ್ಯಾನಲ್‌ನಲ್ಲಿರುವ ವಕೀಲೆ

ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಆ ಫ್ರೀ ವಕೀಲರಲ್ಲಿ ಒಬ್ಬಳು.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನ ಅಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬರೆದಿರುವ ಹಕ್ಕು. ಅದರ 12ನೇ ಸೆಕ್ಷನ್‌ನಲ್ಲಿ ಯಾರಿಗೆಲ್ಲ ಉಚಿತ ನೆರವು ಅಂತ ಪಟ್ಟಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಎಲ್ಲರೂ ಅದರಲ್ಲಿದ್ದಾರೆ. ನಿಮ್ಮ ಅಕ್ಕ ಹೆಂಗಸಾಗಿಯೂ ಅರ್ಹರು, ಗಾರ್ಮೆಂಟ್ಸ್ ಕೆಲಸದವರಾಗಿಯೂ ಅರ್ಹರು. ಹೆದರಿಸಿದವರಿಗೆ ಇದನ್ನು ಹೇಳಿ.

ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೋಗಿ ಅರ್ಜಿ ಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಬಹುದು, ಅಲ್ಲಿನವರು ಬರೆದುಕೊಳ್ಳುತ್ತಾರೆ. ಅರ್ಜಿ ಮೇಲೆ 7 ದಿನದೊಳಗೆ ತೀರ್ಮಾನ ಆಗಬೇಕು ಅಂತ ನಿಯಮ ಇದೆ. ಸಮನ್ಸ್ ತಾರೀಖು ಹತ್ತಿರ ಇದ್ದರೆ ಅದನ್ನು ತೋರಿಸಿ, ಬೇಗ ಮಾಡಿಕೊಡುತ್ತಾರೆ. ವಕೀಲರ ಫೀಸು ಮಾತ್ರ ಅಲ್ಲ, ಕೋರ್ಟ್ ಫೀ, ನೋಟಿಸ್ ಖರ್ಚು, ದೃಢೀಕೃತ ನಕಲಿನ ಖರ್ಚು ಕೂಡ ಇದರಲ್ಲಿ ಬರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಟೈಪಿಂಗ್‌ಗೆ ಇಷ್ಟು, ಝೆರಾಕ್ಸ್‌ಗೆ ಇಷ್ಟು ಅಂತ ಯಾರಾದರೂ ಕೇಳಿದಾಗ ಕೊಟ್ಟುಬಿಡುತ್ತಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಮನಸ್ಸಿಟ್ಟು ನಡೆಸುತ್ತಾರಾ ಅಂತ. ನಮಗೆ ಪ್ರಾಧಿಕಾರ ಸಂಭಾವನೆ ಕೊಡುತ್ತದೆ. ಹೊರಗಿನ ಫೀಸಿನ ಮುಂದೆ ಅದು ಕಡಿಮೆ, ಕೈಗೆ ಬರುವುದೂ ತಡ. ಅದಕ್ಕೇ ಕೆಲವರು ಈ ಫೈಲನ್ನು ಅಡಿಗೆ ಹಾಕುತ್ತಾರೆ, ಮುಚ್ಚಿಡುವುದೇನಿದೆ. ಹಾಗಂತ ಪ್ಯಾನಲ್‌ನಲ್ಲಿ, ಅಂದರೆ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ, ಇರುವವರೆಲ್ಲ ಕೇಸಿಲ್ಲದೆ ಕೂತ ಹೊಸಬರು ಅನ್ನುವುದು ಸರಿಯಲ್ಲ. ಸಾಮಾನ್ಯವಾಗಿ ಕನಿಷ್ಠ 3 ವರ್ಷ ವಕೀಲಿ ಮಾಡಿದವರನ್ನೇ ತೆಗೆದುಕೊಳ್ಳುತ್ತಾರೆ. ಫ್ಯಾಮಿಲಿ ಕೋರ್ಟನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡುತ್ತಿರುವವರೂ ನಮ್ಮಲ್ಲಿದ್ದಾರೆ. 'ಫ್ಯಾಮಿಲಿ ಕೇಸ್ ನಡೆಸಿ ಅಭ್ಯಾಸ ಇರುವವರನ್ನು ಕೊಡಿ, ಸಾಧ್ಯವಾದರೆ ಲೇಡಿ ವಕೀಲರು' ಅಂತ ಅರ್ಜಿಯಲ್ಲೇ ಬರೆಯಿರಿ. ಕೇಳಿದ್ದೇ ಸಿಗುತ್ತದೆ ಅಂತಲ್ಲ, ಆದರೆ ಕೇಳುವುದಕ್ಕೆ ಅಡ್ಡಿ ಇಲ್ಲ.

ಇದನ್ನು ದಾಟಿ ಬಂದವಳು

ನನ್ನ ಜೀವನಾಂಶದ ಕೇಸ್ ಪೂರ್ತಿ ನಡೆದದ್ದು ಉಚಿತ ವಕೀಲರಿಂದಲೇ. ಮೇಡಂ ಒಳ್ಳೆಯವರು. ಆದರೆ ಅವರಿಗೆ ಕೈತುಂಬ ಕೇಸು. ಮೊದಲ ಸಲ ಹೋದಾಗ ನನ್ನ ಕಥೆಯೆಲ್ಲ ಹೇಳಲು ಶುರು ಮಾಡಿದೆ, ಅವರು ಗಡಿಯಾರ ನೋಡಿದರು. ಬೇಜಾರಾಯಿತು. ಮುಂದಿನ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಮದುವೆ ಆದ ತಾರೀಖು, ಮಕ್ಕಳು ಹುಟ್ಟಿದ ತಾರೀಖು, ಯಾವಾಗ ಬಿಟ್ಟು ಹೋದರು, ಆಮೇಲೆ ಮಾತುಕತೆಗೆ ಯಾರು ಕೂತರು, ಈಗ ಅವರು ಏನು ಕೆಲಸ ಮಾಡುತ್ತಾರೆ, ಯಾವ ಗಾಡಿ ಇದೆ, ಜಮೀನು ಯಾರ ಹೆಸರಲ್ಲಿದೆ. ಅಷ್ಟೇ. ಮೇಡಂ ಆ ಹಾಳೆ ಇಟ್ಟುಕೊಂಡೇ ಅರ್ಜಿ ಬರೆದರು. ಅಲ್ಲಿಂದ ಮುಂದೆ ಅವರು ಮಾತಾಡುವ ರೀತಿಯೇ ಬದಲಾಯಿತು.

ಗಂಡನ ಆದಾಯ ತೋರಿಸುವುದೇ ಕಷ್ಟದ ಕೆಲಸ. ಕೋರ್ಟಿಗೆ ಬಂದ ಕೂಡಲೇ ಎಲ್ಲರೂ ಕೂಲಿಯವರಾಗಿಬಿಡುತ್ತಾರೆ. 'ನನಗೆ ಕೆಲಸ ಇಲ್ಲ, ತಾಯಿಗೆ ಹುಷಾರಿಲ್ಲ' ಅಂತ ಅಫಿಡವಿಟ್ ಹಾಕಿದರು ನಮ್ಮವರು. ಅವರೇ ಸ್ಟೇಟಸ್‌ನಲ್ಲಿ ಹಾಕಿದ್ದ ಹೊಸ ಗಾಡಿಯ ಫೋಟೊ, ಬಾಡಿಗೆಗೆ ಕೊಟ್ಟ ಅಂಗಡಿಯ ಬೋರ್ಡು, ಇಂಥವನ್ನು ನಾನು ಒಟ್ಟು ಮಾಡಿ ಕೊಟ್ಟೆ. ಅದನ್ನೆಲ್ಲ ಯಾವ ವಕೀಲರೂ ಹುಡುಕಿಕೊಂಡು ಹೋಗಲ್ಲ, ದುಡ್ಡು ಕೊಟ್ಟವರೂ ಅಷ್ಟೇ.

ಬಸ್ ಖರ್ಚು ಈಗ ಶಕ್ತಿ ಯೋಜನೆಯಿಂದ ಉಳಿಯುತ್ತದೆ. ಆದರೆ ಒಂದೊಂದು ತಾರೀಖಿಗೂ ಒಂದು ದಿನದ ಕೂಲಿ ಹೋಗುತ್ತದೆ. ಫ್ರೀ ಅಂದವರು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯಲ್ಲ. ಯಾವ ತಾರೀಖಿಗೆ ನಾನು ಬರಲೇಬೇಕು, ಯಾವುದಕ್ಕೆ ಬರದಿದ್ದರೂ ನಡೆಯುತ್ತದೆ ಅಂತ ಪ್ರತಿ ಸಲ ಮೇಡಂನ ಕೇಳುತ್ತಿದ್ದೆ. ಅದರಿಂದ ಬಹಳ ರಜೆ ಉಳಿಯಿತು.

ಕಹಿ ಅನುಭವ ಆದವರು

ಎಲ್ಲರೂ ಚೆನ್ನಾಗಿದೆ ಅಂತಿದ್ದೀರಿ, ನಂದೂ ಕೇಳಿ. ನಮ್ಮ ತಂಗಿಗೆ ಕೊಟ್ಟ ವಕೀಲರು ಫೋನೇ ಎತ್ತುತ್ತಿರಲಿಲ್ಲ. ಕೋರ್ಟಿಗೆ ಜೂನಿಯರ್ ಬಂದು ಟೈಮ್ ಕೇಳಿಕೊಂಡು ಹೋಗುತ್ತಿದ್ದರು. ಆಮೇಲೆ 'ಏನಾದರೂ ಸ್ವಲ್ಪ ಖರ್ಚಿಗೆ ನೋಡಿಕೊಳ್ಳಿ' ಅಂತ ಶುರುವಾಯಿತು. ನಾವು ಹೆದರಿ ಎರಡು ಸಲ ಕೊಟ್ಟೆವು. ಕೊನೆಗೆ ಸಾಲ ಮಾಡಿ ಬೇರೆ ವಕೀಲರನ್ನು ಹಿಡಿದೆವು. ಅವರೂ ಏನು ಆಕಾಶದಿಂದ ಇಳಿದು ಬಂದವರಲ್ಲ, ಅದು ಬೇರೆ ಮಾತು.

ಪ್ಯಾನಲ್‌ನಲ್ಲಿರುವ ವಕೀಲೆ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪ್ಯಾನಲ್ ವಕೀಲರು ಕಕ್ಷಿದಾರರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಕೇಳಿದರೆ ಆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತ ದೂರು ಕೊಡಬೇಕು. ಆ ಹುದ್ದೆಯಲ್ಲಿ ಇರುವವರು ನ್ಯಾಯಾಧೀಶರೇ. ವಕೀಲರನ್ನು ಬದಲಿಸಿ ಕೊಡಿ ಅಂತಲೂ ಅದೇ ಅರ್ಜಿಯಲ್ಲಿ ಕೇಳಬಹುದು. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇನ್ನೂ ಎರಡು ಡೌಟು. ಕೇಸ್ ಇರುವುದು ಅವನ ಜಿಲ್ಲೆಯಲ್ಲಿ, ಹಾಗಾದರೆ ಅರ್ಜಿ ಅಲ್ಲೇ ಹೋಗಿ ಕೊಡಬೇಕಾ? ಮತ್ತೆ ಅಕ್ಕ ದುಡಿಯುತ್ತಿರುವುದರಿಂದ ಜೀವನಾಂಶ ಸಿಗಲ್ಲ ಅಂತ ಅವನ ಕಡೆಯವರು ಹೇಳುತ್ತಿದ್ದಾರೆ.

ಪ್ಯಾನಲ್‌ನಲ್ಲಿರುವ ವಕೀಲೆ

ಅರ್ಜಿಯನ್ನು ನಿಮ್ಮ ಹತ್ತಿರದ ಕಚೇರಿಯಲ್ಲೇ ಕೊಡಿ, ಅವರು ಆ ಜಿಲ್ಲೆಗೆ ಕಳಿಸುತ್ತಾರೆ. ಕೇಸನ್ನೇ ನಿಮ್ಮ ಊರಿಗೆ ವರ್ಗ ಮಾಡಿಸಬೇಕು ಅಂದರೆ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಚಿಕ್ಕ ಮಕ್ಕಳು ಜೊತೆಗಿದ್ದಾರೆ, ದುಡಿದು ತಿನ್ನಬೇಕು, ಅಷ್ಟು ದೂರ ಓಡಾಡಲು ಆಗಲ್ಲ ಅನ್ನುವ ಕಾರಣಗಳನ್ನು ಕೋರ್ಟು ಸಾಮಾನ್ಯವಾಗಿ ಕೇಳುತ್ತದೆ. ಹೈಕೋರ್ಟಿಗೂ ಬೇರೆ ಕಾನೂನು ಸೇವಾ ಸಮಿತಿ ಇದೆ, ಅಲ್ಲೂ ಉಚಿತ ವಕೀಲರೇ. ಆದರೆ ವರ್ಗ ಆಗುವವರೆಗೆ ಅಲ್ಲಿನ ಕೋರ್ಟನ್ನು ಮರೆಯುವ ಹಾಗಿಲ್ಲ. ಯಾರೂ ಹೋಗದಿದ್ದರೆ ಏಕಪಕ್ಷೀಯವಾಗಿ ಡೈವೋರ್ಸ್ ಕೊಟ್ಟುಬಿಡಬಹುದು. ಸಮನ್ಸ್ ಕೈಗೆ ಬಂದ ದಿನದಿಂದ 30 ದಿನದೊಳಗೆ ತಕರಾರು ಹಾಕಬೇಕು ಅನ್ನುವುದು ಕಾನೂನು. ಕಾರಣ ಕೊಟ್ಟು 90 ದಿನದವರೆಗೆ ಕೇಳಬಹುದು.

ಜೀವನಾಂಶಕ್ಕೆ ಅವನ ಊರಿಗೆ ಹೋಗಬೇಕಾಗಿಲ್ಲ. ಅಕ್ಕ ಇರುವ ಊರಿನ ಫ್ಯಾಮಿಲಿ ಕೋರ್ಟಲ್ಲೇ ಬೇರೆ ಅರ್ಜಿ ಹಾಕಬಹುದು. ಮೊದಲು ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಸೆಕ್ಷನ್ 125 ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಕೋರ್ಟಿನ ಕಾರಿಡಾರ್‌ನಲ್ಲಿ ಮಾತ್ರ ಇನ್ನೂ ಎಲ್ಲರ ಬಾಯಲ್ಲೂ 125 ಅಂತಲೇ. ಯಾವ ಧರ್ಮದವರಿಗಾದರೂ ಇದು ಅನ್ವಯಿಸುತ್ತದೆ. ದುಡಿಯುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ಇಲ್ಲ ಅನ್ನಲು ಬರುವುದಿಲ್ಲ, ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸಂಬಳ ನೋಡಿ ಮೊತ್ತ ಹೆಚ್ಚು ಕಡಿಮೆ ಆಗಬಹುದು, ಅಷ್ಟೇ. ಮಕ್ಕಳ ಪಾಲಂತೂ ಬೇರೆಯೇ.

ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಲೇಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಬೇಕು ಅಂತಲೂ ಅದೇ ತೀರ್ಪಿನಲ್ಲಿದೆ. ಹಾಗಾಗಿ 'ಡೈವೋರ್ಸ್ ಕೇಸ್ ಏನಾಗುತ್ತೋ ನೋಡೋಣ' ಅಂತ ಕಾಯುವ ಒಂದೊಂದು ತಿಂಗಳೂ ನಷ್ಟವೇ. ಇನ್ನೊಂದು ಮಾತು. ಹಿಂದೂ ವಿವಾಹ ಕಾಯ್ದೆಯಡಿ ಬಂದ ಡೈವೋರ್ಸ್ ಕೇಸಾದರೆ, ಅದೇ ಕೇಸಿನಲ್ಲಿ ಸೆಕ್ಷನ್ 24ರಡಿ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಎರಡನ್ನೂ ಗಂಡನಿಂದ ಕೇಳಬಹುದು.

ಆಟೋ ಓಡಿಸುವವರು

ಗಂಡಸರಿಗೂ ಸಿಗುತ್ತೆ ಅಂತ ಹೇಳೋಕೆ ಬಂದೆ. ಮಗಳನ್ನು ನೋಡಲು ಬಿಡುತ್ತಿರಲಿಲ್ಲ. ಜಾತಿ ಪ್ರಮಾಣ ಪತ್ರ ಕೊಟ್ಟೆ, ವಕೀಲರು ಸಿಕ್ಕರು. ಕೋರ್ಟು ಮಧ್ಯಸ್ಥಿಕೆಗೆ ಕಳಿಸಿತು. ಈಗ ಭಾನುವಾರ ಮಗಳು ನನ್ನ ಜೊತೆ ಇರುತ್ತಾಳೆ. ನನ್ನ ಹೆಂಡತಿಯ ಕಡೆಗೂ ಉಚಿತ ವಕೀಲರೇ ಇದ್ದದ್ದು. ಇಬ್ಬರ ಹತ್ತಿರವೂ ದುಡ್ಡಿರಲಿಲ್ಲ, ಎಳೆದಾಡಿಸಿ ಯಾರಿಗೂ ಲಾಭ ಇರಲಿಲ್ಲ. ಬೇಗ ಮುಗಿಯಲು ಅದೂ ಒಂದು ಕಾರಣ ಅಂತ ನನಗನಿಸುತ್ತೆ.

ಅರೆಕಾನೂನು ಸ್ವಯಂಸೇವಕಿ

ವಕೀಲರ ಬಗ್ಗೆ ಎಲ್ಲರೂ ಹೇಳಿದರು. ಅವರಿಗಿಂತ ಮೊದಲು ಸಿಗುವವರು ನಾವು. ಪ್ರಾಧಿಕಾರದ ಕಚೇರಿಯಲ್ಲಿ, ಕೆಲವು ಕಡೆ ಪೊಲೀಸ್ ಠಾಣೆಯಲ್ಲಿ, ಹಳ್ಳಿಗಳ ಕಾನೂನು ನೆರವು ಕೇಂದ್ರಗಳಲ್ಲಿ ಕೂರುತ್ತೇವೆ. ನಾವು ವಕೀಲರಲ್ಲ, ಕೋರ್ಟಿನಲ್ಲಿ ವಾದ ಮಾಡಲ್ಲ. ಅರ್ಜಿ ಬರೆಯಲು, ಯಾವ ಕೋಣೆಗೆ ಹೋಗಬೇಕು ಅಂತ ಹೇಳಲು, ಒಬ್ಬರೇ ಹೋಗಲು ಭಯ ಆದರೆ ಜೊತೆಗೆ ಬರಲು ಇದ್ದೇವೆ.

ಗಂಡ ಬಿಟ್ಟು ಹೋಗುವ ಮೊದಲು ಹೊಡೆತ ಬಡಿತ ಇತ್ತಾ ಅಂತ ಅಕ್ಕನನ್ನು ಮೆಲ್ಲಗೆ ಕೇಳಿ. ಎಷ್ಟೋ ಜನ ಅದನ್ನು ಹೇಳುವುದೇ ಇಲ್ಲ. ಇದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ದಾರಿಯೂ ಇದೆ. ದುಡ್ಡು ಕೊಡದೆ ಸತಾಯಿಸುವುದೂ ಆ ಕಾಯ್ದೆಯಲ್ಲಿ ಹಿಂಸೆಯೇ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾ ಅಧಿಕಾರಿ. ಅವರು ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ, ಅದಕ್ಕೂ ಖರ್ಚಿಲ್ಲ. ರಾತ್ರಿ ಹೊತ್ತು ತೊಂದರೆ ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಬೆಂಗಳೂರಿನವರಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ, ರಾಜ್ಯ ಪ್ರಾಧಿಕಾರ ಇರುವುದು ಅಲ್ಲೇ.

ನಿವೃತ್ತ ಕೋರ್ಟ್ ಸಿಬ್ಬಂದಿ

ನಾನು ಶಿರಸ್ತೇದಾರ್ ಆಗಿದ್ದವನು. ಲೋಕ ಅದಾಲತ್, ಅಂದರೆ ಕೇಸನ್ನು ರಾಜಿಯಲ್ಲಿ ಮುಗಿಸುವ ಅದಾಲತ್ತು, ಅದರ ಬಗ್ಗೆ ಒಂದು ಎಚ್ಚರಿಕೆ. ರಾಜಿ ಆಗುವುದು ಒಳ್ಳೆಯದೇ. ಆದರೆ ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. 'ಒಂದೇ ಸಲ ಇಷ್ಟು ಕೊಡ್ತಾರೆ, ಮುಗಿಸಿಬಿಡಮ್ಮ' ಅಂತ ಎರಡೂ ಕಡೆಯವರು ಒತ್ತಾಯ ಮಾಡುವುದನ್ನು ನೋಡಿದ್ದೇನೆ. ಆ ಕಾಗದವನ್ನು ಜೋರಾಗಿ ಕನ್ನಡದಲ್ಲಿ ಓದಿಸಿ ಕೇಳದೆ ಸಹಿ ಹಾಕಬೇಡಿ. ಮಕ್ಕಳ ಖರ್ಚು, ದುಡ್ಡು ಕೊಡುವ ತಾರೀಖು, ಕೊಡದಿದ್ದರೆ ಏನು ಅನ್ನುವುದು ಅದರಲ್ಲಿ ಬರೆದಿರಬೇಕು.

ಇನ್ನೊಂದು, ಆದೇಶ ಆದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಗಂಡ ಕಟ್ಟದಿದ್ದರೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು. 144ರ ಆದೇಶವಾದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಹಾಕಬೇಕು. ಕೊಡುತ್ತಾನೆ, ಕೊಡುತ್ತಾನೆ ಅಂತ ಕಾಯ್ದು ಹಳೆಯ ಬಾಕಿ ಕಳೆದುಕೊಂಡ ಹೆಂಗಸರು ಎಷ್ಟೋ ಜನ. ಆ ವಸೂಲಿ ಅರ್ಜಿಗೂ ಉಚಿತ ವಕೀಲರನ್ನೇ ಕೇಳಬಹುದು.

ಕೇಳಿದವರು

ಇಬ್ಬರೂ ಅರ್ಧ ದಿನ ರಜೆ ಹಾಕಿ ನಾಳೆ ಹೋಗುತ್ತಿದ್ದೇವೆ. ಏನೇನು ತಗೊಂಡು ಹೋಗಬೇಕು?

ಅರೆಕಾನೂನು ಸ್ವಯಂಸೇವಕಿ

ಆಧಾರ್, ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ, ಮಕ್ಕಳ ಜನನ ಪತ್ರ, ಸಂಬಳದ ಸ್ಲಿಪ್, ಗಂಡನ ಈಗಿನ ವಿಳಾಸ. ಸಮನ್ಸ್ ಜೊತೆ ಬಂದ ಎಲ್ಲ ಹಾಳೆಗಳನ್ನೂ ತನ್ನಿ. ಅದರ ಮೇಲೆ ಕೇಸ್ ನಂಬರ್ ಇರುತ್ತದೆ, ಅದನ್ನಿಟ್ಟು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ತಾರೀಖನ್ನೂ ನೀವೇ ನೋಡಿಕೊಳ್ಳಬಹುದು, ಯಾರ ಫೋನಿಗೂ ಕಾಯಬೇಕಾಗಿಲ್ಲ. ಅಂಚೆಯಲ್ಲಿ ಬಂದಿದ್ದರೆ ಆ ಕವರ್ ಬಿಸಾಡಿಲ್ಲ ತಾನೇ? ಅದನ್ನೂ ತನ್ನಿ. ಸಮನ್ಸ್ ಯಾವತ್ತು ಕೈಗೆ ಬಂತು ಅನ್ನುವುದಕ್ಕೆ ಅದರ ಮೇಲಿನ ಮುದ್ರೆ ಬೇಕಾಗುತ್ತದೆ.