ಊಟದ ಮೇಜಿನ ಮೇಲೆ ಪಿಎಚ್ 5 ದೀಪ: ವಯಸ್ಸಾದವರ ಕಣ್ಣಿಗೆ ಬೆಳಕು ಸಾಲುವುದೇ?

ಪ್ರಶ್ನೆ (ವಾಲ್ಬಿ ನಿವಾಸಿ, ಕೋಪನ್‌ಹೇಗನ್)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾವು ಕೋಪನ್‌ಹೇಗನ್ನಿನ ವಾಲ್ಬಿಯಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದೇವೆ. ಇಲ್ಲಿ ಡಿಸೆಂಬರ್ ತಿಂಗಳಲ್ಲಿ ಮಧ್ಯಾಹ್ನ ನಾಲ್ಕಾಗುವ ಮುನ್ನವೇ ಸೂರ್ಯ ಮುಳುಗಿಬಿಡುವುದರಿಂದ, ಮನೆಯ ದೀಪಗಳ ವಿಷಯದಲ್ಲಿ ಊರಿನಲ್ಲಿದ್ದಾಗ ಎಂದೂ ಯೋಚಿಸದಷ್ಟು ಯೋಚಿಸುವಂತಾಗಿದೆ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಊಟದ ಮೇಜಿನ ಮೇಲೆ ಡೇನಿಶ್ ವಿನ್ಯಾಸಕ ಪೌಲ್ ಹೆನಿಂಗ್‌ಸೆನ್ (ಪಿಎಚ್) ಅವರ ಪಿಎಚ್ 5 ಅಥವಾ ಅದರ ಬಳಗದ ಯಾವುದಾದರೊಂದು ದೀಪ ತೂಗುತ್ತಿರುತ್ತದೆ. ನಮಗೂ ಒಂದನ್ನು ಕೊಳ್ಳುವ ಆಸೆಯಿದೆ. ಹೊಸದು ದುಬಾರಿಯಾದ್ದರಿಂದ ಹಳೆಯದನ್ನು ಹುಡುಕುತ್ತಿದ್ದೇವೆ.

ನನ್ನ ಅನುಮಾನ ಇಷ್ಟೇ. ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದರು. ಮೈಸೂರಿನ ಮನೆಯಲ್ಲಿ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಐವತ್ತು ವರ್ಷ ಪತ್ರಿಕೆ ಓದಿದ ಅಪ್ಪ, ಇಲ್ಲಿಯ ಹಳದಿ ಬೆಳಕಿನಲ್ಲಿ ಕಿಟಕಿಯ ಕಡೆಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಸಂಜೆಯಾದ ಮೇಲೆ ಓದುವುದನ್ನೇ ಬಿಟ್ಟುಬಿಡುತ್ತಿದ್ದರು. ಮುಂದಿನ ಚಳಿಗಾಲಕ್ಕೆ ಅವರು ಮತ್ತೆ ಬರಲಿದ್ದಾರೆ. ಬಲ್ಬನ್ನು ಇಷ್ಟೊಂದು ಮುಚ್ಚಿಡುವ ಈ ದೀಪ ಅವರಿಗೆ ಸಾಲುವುದೇ, ಅಥವಾ ಬೇರೆ ಯಾವುದಾದರೂ ಡೇನಿಶ್ ದೀಪ ಹೆಚ್ಚು ಸೂಕ್ತವೇ? ಮುಂದೆ ಮೈಸೂರಿಗೆ ಮರಳುವಾಗ ಅದನ್ನು ಕೊಂಡೊಯ್ದರೆ ಅಲ್ಲಿ ಉಪಯೋಗಕ್ಕೆ ಬರುವುದೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಒಳಾಂಗಣ ವಿನ್ಯಾಸಕಿ, ಓರ್‌ಹುಸ್)

ನಿಮ್ಮ ತಂದೆಯವರ ತೊಂದರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆನಿಂಗ್‌ಸೆನ್ ಜೀವಮಾನವಿಡೀ ಕೈಗೆತ್ತಿಕೊಂಡಿದ್ದ ಪ್ರಶ್ನೆ ಬಹುಮಟ್ಟಿಗೆ ಅದೇ ಆಗಿತ್ತು. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ವಯಸ್ಸಿನಲ್ಲಿ ಕಣ್ಣಿನ ಮಸೂರ ಮಬ್ಬಾಗುತ್ತ ಹೋಗುವುದರಿಂದ, ಎದುರಿಗೆ ಬರಿಯ ಬಲ್ಬ್ ಕಂಡರೆ ಆ ಬೆಳಕು ಕಣ್ಣೊಳಗೇ ಚದುರಿ, ನೋಡಬೇಕಾದ ಅಕ್ಷರ ಇನ್ನಷ್ಟು ಮಸುಕಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಆದ್ದರಿಂದ ಅವರಿಗೆ ಬೇಕಿರುವುದು ಕಾಗದದ ಮೇಲೆ ಹೆಚ್ಚು ಬೆಳಕು, ಕಣ್ಣಿಗೆ ನೇರವಾಗಿ ಕಡಿಮೆ ಬೆಳಕು.

ಹೆನಿಂಗ್‌ಸೆನ್ 1894ರಲ್ಲಿ ಹುಟ್ಟಿದವರು. ಸೀಮೆಎಣ್ಣೆ ದೀಪದ ಹಿತವಾದ ಬೆಳಕಿನಲ್ಲಿ ಬೆಳೆದು, ಅನಂತರ ವಿದ್ಯುತ್ ಬಲ್ಬಿನ ಕಣ್ಣು ಕುಕ್ಕುವ ಬೆಳಕನ್ನು ಕಂಡ ತಲೆಮಾರಿನವರು. 1920ರ ದಶಕದ ಮಧ್ಯದಲ್ಲಿ ದೀಪ ತಯಾರಿಸುವ ಲೂಯಿ ಪೌಲ್‌ಸೆನ್ ಸಂಸ್ಥೆಯ ಜೊತೆ ಸೇರಿ ಅವರು ರೂಪಿಸಿದ ಮೂರು ಶೇಡುಗಳ ಕ್ರಮದಲ್ಲಿ, ಪ್ರತಿ ಶೇಡಿನ ಬಾಗು ಹೊರಹೋದಂತೆ ಅಗಲವಾಗುತ್ತ ಸಾಗುವ ಲಾಗರಿದಮಿಕ್ ಸುರುಳಿಯೊಂದನ್ನು ಅನುಸರಿಸುತ್ತದೆ ಮತ್ತು ಬಲ್ಬು ಆ ಸುರುಳಿಯ ಕೇಂದ್ರದಲ್ಲಿರುತ್ತದೆ. ಹೀಗಾಗಿ ಶೇಡಿನ ಯಾವ ಬಿಂದುವಿಗೇ ಆಗಲಿ ಬೆಳಕು ಒಂದೇ ಕೋನದಲ್ಲಿ ತಾಗಿ, ಮೇಲಿನ ದೊಡ್ಡ ಶೇಡಿನಿಂದ ಒಂದು ಪಾಲು, ನಡುವಿನದರಿಂದ ಒಂದು ಪಾಲು, ಕೆಳಗಿನದರಿಂದ ಒಂದು ಪಾಲು ಎಂಬಂತೆ ಹಂಚಿಕೊಂಡು ಕೆಳಗೂ ಪಕ್ಕಕ್ಕೂ ಹರಡುತ್ತದೆ. ಕುಳಿತವರಿಗೆ ಬೆಳಕು ಬಿದ್ದ ಶೇಡು ಕಾಣುತ್ತದೆಯೇ ಹೊರತು ಬಲ್ಬು ಕಾಣುವುದಿಲ್ಲ.

1958ರಲ್ಲಿ ಬಂದ ಪಿಎಚ್ 5 ಇದೇ ವಂಶದ್ದು. ಹೆಸರಿನಲ್ಲಿರುವ 5 ಅದರ ಅತಿ ದೊಡ್ಡ ಶೇಡಿನ 50 ಸೆಂಟಿಮೀಟರ್ ವ್ಯಾಸವನ್ನು ಸೂಚಿಸುತ್ತದೆ. ಬಲ್ಬ್ ತಯಾರಕರು ಆಗಾಗ ಬಲ್ಬಿನ ಆಕಾರವನ್ನು ಬದಲಿಸುತ್ತಿದ್ದುದರಿಂದ ಬೇಸತ್ತ ಹೆನಿಂಗ್‌ಸೆನ್, ಯಾವ ಬಲ್ಬ್ ಹಾಕಿದರೂ ಕಣ್ಣಿಗೆ ಹೊಡೆಯದಂತೆ ಇದನ್ನು ಕಟ್ಟಿದರು. ಒಳಗೆ ಕೆಂಪು ಮತ್ತು ನೀಲಿ ಬಳಿದ ಚಿಕ್ಕ ಭಾಗಗಳಿವೆ. ಅವು ಬರಿಯ ಅಲಂಕಾರವಲ್ಲ. ನಮ್ಮ ಕಣ್ಣು ಹಳದಿ-ಹಸಿರಿಗೆ ಹೆಚ್ಚು ಸ್ಪಂದಿಸಿ ಕೆಂಪು-ನೀಲಿಗಳಿಗೆ ಕಡಿಮೆ ಸ್ಪಂದಿಸುವುದರಿಂದ, ಆ ಎರಡು ಅಂಚುಗಳನ್ನು ಸ್ವಲ್ಪ ಎತ್ತಿಹಿಡಿಯುವ ಉದ್ದೇಶ ಅವರಿಗಿತ್ತು.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಈ ದೀಪವನ್ನು ನಮ್ಮಲ್ಲಿಯ ಹಾಗೆ ಸೂರಿನ ಹತ್ತಿರ ತೂಗುಹಾಕಿ ಇಡೀ ಕೋಣೆಯನ್ನು ಬೆಳಗಿಸಲು ಹೊರಟರೆ ನಿರಾಸೆಯಾಗುವುದು ಖಂಡಿತ. ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿ ಅದರ ಕೆಳಗಿನ ಅಂಚು ಬರಬೇಕು. ನಾನು ಗ್ರಾಹಕರ ಮನೆಗಳಲ್ಲಿ ಮಾಡುವ ಪರೀಕ್ಷೆಯನ್ನು ನೀವೂ ಮಾಡಿನೋಡಿ: ಅಡುಗೆಮನೆಯ ದೊಡ್ಡ ಸ್ಟೀಲ್ ಮುಚ್ಚಳವೊಂದನ್ನು ದಾರಕ್ಕೆ ಕಟ್ಟಿ ಸೂರಿನ ಕೊಕ್ಕೆಯಿಂದ ಇಳಿಬಿಡಿ, ಮನೆಯವರೆಲ್ಲ ಕುರ್ಚಿಯಲ್ಲಿ ಕುಳಿತು ಎದುರಿನವರ ಮುಖ ನೋಡಿ, ಮುಖ ಮರೆಯಾಗದಷ್ಟು ಕೆಳಗೆ ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿ ದಾರಕ್ಕೆ ಗಂಟು ಹಾಕಿ.

ಇನ್ನು ತಂದೆಯವರ ಓದಿಗೆ ಪ್ರತ್ಯೇಕ ದೀಪ ಬೇಕೇ ಬೇಕು. ಅದಕ್ಕೆ ಡೇನಿಶ್ ವಾಸ್ತುಶಿಲ್ಪಿ ಆರ್ನೆ ಯಾಕೊಬ್‌ಸೆನ್ ಅವರ ಎಜೆ ನಿಲುದೀಪವನ್ನು ನಾನು ಸೂಚಿಸುತ್ತೇನೆ. ಕೋಪನ್‌ಹೇಗನ್ನಿನಲ್ಲಿ 1960ರಲ್ಲಿ ತೆರೆದ ಎಸ್‌ಎಎಸ್ ರಾಯಲ್ ಹೋಟೆಲಿಗಾಗಿ ಕಟ್ಟಡದಿಂದ ಕುರ್ಚಿಯವರೆಗೆ ಎಲ್ಲವನ್ನೂ ವಿನ್ಯಾಸಗೊಳಿಸಿದ ಅವರು, ಈ ದೀಪವನ್ನೂ ಆಗಲೇ ರೂಪಿಸಿದರು. ಅದರ ಓರೆಯಾದ ತಲೆಯನ್ನು ವಾಲಿಸಬಹುದು. ಬೆಳಕು ಪುಸ್ತಕದ ಮೇಲೆ ಬಿದ್ದು ಓದುವವರ ಮುಖವನ್ನು ಬಿಟ್ಟುಬಿಡುತ್ತದೆ. ಇನ್ನೊಬ್ಬ ಡೇನಿಶ್ ವಿನ್ಯಾಸಕ ವೆರ್ನರ್ ಪಾಂಟನ್ ಅವರ 1971ರ ಪಾಂಟೆಲ್ಲಾ ದೀಪ ನೋಡಲು ಅತ್ಯಂತ ಸುಂದರವಾಗಿದೆ. ಕಹಳೆಯಂತೆ ಅರಳುವ ಅದರ ಕಾಲು ಕೂಡ ಬೆಳಕನ್ನು ಪ್ರತಿಫಲಿಸುತ್ತದೆ. ಆದರೆ ಅದು ಮೂಲೆಯೊಂದನ್ನು ಹಿತವಾಗಿಸುವ ದೀಪ, ಪತ್ರಿಕೆಯ ಸಣ್ಣ ಅಕ್ಷರಕ್ಕೆ ಒದಗುವುದಲ್ಲ.

ಉತ್ತರ 2 (ಮೈಸೂರಿನಿಂದ)

ನಾವು ಆರು ವರ್ಷ ಡೆನ್ಮಾರ್ಕಿನಲ್ಲಿದ್ದು, ಮರಳುವಾಗ ಒಂದು ಪಿಎಚ್ 5 ಮತ್ತು ನೆರಿಗೆ ಶೇಡಿನ ಒಂದು ಲೆ ಕ್ಲಿಂಟ್ ತೂಗುದೀಪವನ್ನು ತಂದವರು. ವಿದ್ಯುತ್ತಿನ ತೊಂದರೆಯಿಲ್ಲ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪಿಎಚ್ 5ಕ್ಕೆ ತಿರುಪಿನ ಇ27 ಬಲ್ಬ್ ಬೇಕು. ನಮ್ಮಲ್ಲಿ ರೂಢಿಯಲ್ಲಿರುವ ಎರಡು ಪಿನ್ನಿನ ಬಲ್ಬ್ ಅದಕ್ಕೆ ಕೂರುವುದಿಲ್ಲ. ತಿರುಪಿನ ಬಲ್ಬು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ನಿಜವಾದ ತೊಡಕು ಸೀಲಿಂಗ್ ಫ್ಯಾನಿನದು. ನಮ್ಮ ಮನೆಗಳಲ್ಲಿ ಕೋಣೆಯ ನಡುಭಾಗ ಫ್ಯಾನಿಗೆ ಮೀಸಲು. ಮೊದಲು ನಾವು ಫ್ಯಾನಿನ ಪಕ್ಕದಲ್ಲೇ ದೀಪ ತೂಗುಹಾಕಿದ್ದೆವು. ಗಾಳಿಗೆ ಅದು ಸದಾ ತೂಗಾಡುತ್ತ, ಮೇಜಿನ ಮೇಲಿನ ಬೆಳಕಿನ ವೃತ್ತ ಊಟದುದ್ದಕ್ಕೂ ಅತ್ತಿತ್ತ ಓಡಾಡುತ್ತಿತ್ತು. ಕೊನೆಗೆ ಊಟದ ಮೇಜನ್ನೇ ಗೋಡೆಯ ಕಡೆಗೆ ಸರಿಸಿ, ಅಲ್ಲಿ ಹೊಸ ಕೊಕ್ಕೆ ಹಾಕಿಸಿದ ಮೇಲೆ ನೆಮ್ಮದಿಯಾಯಿತು.

ಲೆ ಕ್ಲಿಂಟ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ಕೋಪನ್‌ಹೇಗನ್ನಿನ ಗ್ರುಂಟ್‌ವಿ ಚರ್ಚಿನ ವಾಸ್ತುಶಿಲ್ಪಿ ಪಿ. ವಿ. ಯೆನ್ಸೆನ್-ಕ್ಲಿಂಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ಎಣ್ಣೆದೀಪಕ್ಕೆ ಕಾಗದವನ್ನು ನೆರಿಗೆ ಹಿಡಿದು ಶೇಡ್ ಮಾಡಿಕೊಂಡರು; ಆ ಮನೆಯ ಕೈಕೆಲಸ 1943ರಲ್ಲಿ ಸಂಸ್ಥೆಯಾಯಿತು. ಇಂದಿಗೂ ನೆರಿಗೆಗಳನ್ನು ಕೈಯಿಂದಲೇ ಮಡಿಸುತ್ತಾರೆ. ಸೀರೆಯ ನೆರಿಗೆ ಹಿಡಿಯುವ ಕೈಗಳಿಗೆ ಆ ಕೆಲಸದ ನಾಜೂಕು ಕೂಡಲೇ ಅರ್ಥವಾಗುತ್ತದೆ. ನನ್ನ ಅತ್ತೆಯವರು ಅದನ್ನು ಮೊದಲ ಸಲ ಕಂಡಾಗ ಸ್ವಿಚ್ಚು ಹಾಕುವ ಮೊದಲೇ ಮಡಿಕೆಗಳ ಮೇಲೆ ಬೆರಳಾಡಿಸಿ, ಎಷ್ಟು ಮಡಿಕೆಗಳಿವೆಯೆಂದು ಎಣಿಸತೊಡಗಿದರು. ಆದರೆ ಅಡುಗೆಮನೆ ತೆರೆದಂತಿದ್ದರೆ ಈ ದೀಪ ಬೇಡ. ಒಗ್ಗರಣೆಯ ಹೊಗೆಯಲ್ಲಿರುವ ಎಣ್ಣೆ ನೆರಿಗೆಗಳಲ್ಲಿ ಕುಳಿತು, ಅದಕ್ಕೆ ದೂಳು ಅಂಟಿ, ಒರೆಸಿ ಸಾಕಾಗುತ್ತದೆ. ಪಿಎಚ್ 5ರ ಲೋಹದ ಶೇಡುಗಳನ್ನು ಒದ್ದೆ ಬಟ್ಟೆಯಿಂದ ಐದು ನಿಮಿಷದಲ್ಲಿ ಸ್ವಚ್ಛಗೊಳಿಸಬಹುದು.

ಉತ್ತರ 3 (ಓಡೆನ್ಸೆ)

ಹಳೆಯದನ್ನು ಕೊಳ್ಳುವುದು ಒಳ್ಳೆಯ ನಿರ್ಧಾರ. ಕೊಳ್ಳುವ ಮುನ್ನ ಶೇಡುಗಳ ಒಳಮೈಯನ್ನು ಬೆರಳಿನಿಂದ ಮುಟ್ಟಿನೋಡಿ. ಅದು ಮಂಕಾದ ಬಿಳಿಯಾಗಿರಬೇಕು. ಯಾರಾದರೂ ಹೊಳಪಿನ ಬಣ್ಣ ಬಳಿದಿದ್ದರೆ ಬೆಳಕು ಹರಡುವ ಬದಲು ಕನ್ನಡಿಯಂತೆ ಪ್ರತಿಫಲಿಸಿ, ದೀಪದ ಉದ್ದೇಶವೇ ಕೆಟ್ಟುಹೋಗುತ್ತದೆ. ಶೇಡುಗಳನ್ನು ಹಿಡಿದಿರುವ ಕಂಬಿಗಳು ಬಾಗಿದ್ದರೆ ಅವುಗಳ ನಡುವಿನ ಅಂತರ ತಪ್ಪಿ, ಒಂದು ಕಡೆಯಿಂದ ಬಲ್ಬು ಇಣುಕುತ್ತದೆ. ಹಳೆಯ ತಂತಿಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬದಲಿಸಿಬಿಡಿ. ಡೇನಿಶ್ ಕಾನೂನಿನಲ್ಲಿ ಕರ್ತೃವಿನ ಮರಣಾನಂತರ 70 ವರ್ಷ ಹಕ್ಕುಸ್ವಾಮ್ಯವಿರುತ್ತದೆ, ಹೆನಿಂಗ್‌ಸೆನ್ ತೀರಿಕೊಂಡದ್ದು 1967ರಲ್ಲಿ. ಆದ್ದರಿಂದ ಅಗ್ಗದ ನಕಲುಗಳನ್ನು ಇಲ್ಲಿಗೆ ತರಿಸಿಕೊಳ್ಳುವ ಯೋಚನೆ ಮಾಡಬೇಡಿ.

ಬಲ್ಬಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇರಲಿ. ಅನೇಕ ಎಲ್‌ಇಡಿ ಬಲ್ಬುಗಳ ಅರ್ಧಭಾಗ ಪ್ಲಾಸ್ಟಿಕ್ಕಿನಿಂದ ಮುಚ್ಚಿರುವುದರಿಂದ ಬೆಳಕು ತುದಿಯ ಕಡೆಗೆ ಮಾತ್ರ ಹೋಗುತ್ತದೆ. ದೀಪದಲ್ಲಿ ಬಲ್ಬು ತಲೆಕೆಳಗಾಗಿ ನಿಲ್ಲುತ್ತದೆಯಾದ್ದರಿಂದ ಮೇಲಿನ ಶೇಡುಗಳಿಗೆ ಬೆಳಕೇ ತಲುಪದೆ ಅವು ಕಪ್ಪಗೆ ಉಳಿಯುತ್ತವೆ. ಸುತ್ತಲೂ ಬೆಳಕು ಬೀರುವ, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಇದು ಹಳದಿ ಛಾಯೆ) ಬಲ್ಬ್ ಹಾಕಿ, ತಂದೆಯವರು ಬಂದಾಗ ಅದೇ ಬಣ್ಣದ, ಹೆಚ್ಚು ಲ್ಯೂಮೆನ್ನಿನ (ಬೆಳಕಿನ ಪ್ರಮಾಣದ ಅಳತೆ) ಬಲ್ಬಿಗೆ ಬದಲಿಸಿ. ಬೆಳಕು ಸಾಲದೆಂದು 6500 ಕೆಲ್ವಿನ್ನಿನ ಬಿಳಿ ಬಲ್ಬ್ ಹಾಕುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ಅವರಿಗೆ ಬೇಕಿದ್ದದ್ದು ಬೆಳಕಿನ ಪ್ರಮಾಣವೇ ಹೊರತು ಬಣ್ಣವಲ್ಲ.

ವಾಲ್ಬಿ ನಿವಾಸಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಇಡ್ಲಿ ಪಾತ್ರೆಯ ಮುಚ್ಚಳವನ್ನು ದಾರಕ್ಕೆ ಕಟ್ಟಿ ನೋಡಿದೆವು. ನಮ್ಮ ಮೇಜಿಗೆ 58 ಸೆಂಟಿಮೀಟರ್ ಸರಿಯಾಗುತ್ತದೆ; ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದು ಅದರ ಎರಡರಷ್ಟು. ಪಿಎಚ್ 5ನ್ನು ಹಳೆಯದನ್ನೇ ಕೊಂಡು, ಉಳಿದ ಹಣದಲ್ಲಿ ಅಪ್ಪನ ಕುರ್ಚಿಯ ಪಕ್ಕಕ್ಕೆ ತಲೆ ವಾಲುವ ನಿಲುದೀಪ ತರುವುದೆಂದು ತೀರ್ಮಾನಿಸಿದ್ದೇವೆ. ಒಂದೇ ತೊಂದರೆಯೆಂದರೆ, ಸೂರಿನ ವಿದ್ಯುತ್ ಸಂಪರ್ಕ ಮೇಜಿನಿಂದ ಒಂದು ಮೀಟರ್ ಆಚೆಗಿದೆ.

ಉತ್ತರ 1 (ಒಳಾಂಗಣ ವಿನ್ಯಾಸಕಿ, ಓರ್‌ಹುಸ್)

ಅದಕ್ಕಾಗಿ ಮೇಜನ್ನು ಸರಿಸಬೇಡಿ. ಇಲ್ಲಿಯ ಅನೇಕ ಮನೆಗಳಲ್ಲಿ ಮಾಡುವಂತೆ, ಉದ್ದನೆಯ ತಂತಿ ಹಾಕಿಸಿ, ಸಂಪರ್ಕದಿಂದ ಅದನ್ನು ಸಡಿಲವಾಗಿ ಎಳೆದುತಂದು, ಮೇಜಿನ ನಡುಭಾಗದ ನೇರಕ್ಕೆ ಸೂರಿನಲ್ಲಿ ಇನ್ನೊಂದು ಕೊಕ್ಕೆ ಹಾಕಿ ಅಲ್ಲಿಂದ ಇಳಿಬಿಡಿ. ಬಾಡಿಗೆ ಮನೆಯಾದ್ದರಿಂದ ತೂತು ಕೊರೆಯುವ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ.