ಅಪ್‌ಡೇಟ್: ಮನೆ ಗ್ಯಾರೇಜಿಗೆ ಕೊನೆಗೂ ಯಾವ ಟೂಲ್ಸ್ ತಗೊಂಡೆ

ಕಾರಿನ ಆಯಿಲ್, ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಾಯಿಸೋಕೆ ದೊಡ್ಡ ಟೂಲ್ ಸೆಟ್ ಒಂದೇ ಸಲ ತಗೊಳ್ಳಲಾ, ಬಿಡಿಬಿಡಿಯಾಗಿ ತಗೊಳ್ಳಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ದೊಡ್ಡ ಸೆಟ್ ಆಸೆ ಬಿಟ್ಟೆ. 10ರಿಂದ 24 ಎಂಎಂವರೆಗಿನ ಸಾಕೆಟ್ (ಬೋಲ್ಟಿನ ತಲೆಗೆ ಕೂರೋ ಟೊಪ್ಪಿ), ಅದನ್ನು ತಿರುಗಿಸೋ ರ‍್ಯಾಚೆಟ್, ಬಿಗಿಯಾದ ಬೋಲ್ಟ್ ಬಿಚ್ಚೋಕೆ ಉದ್ದನೆಯ ಬ್ರೇಕರ್ ಬಾರ್ ತಂದೆ. ಸಾಕೆಟ್ ಆರು ಮೂಲೆಯದ್ದೇ ಇರಲಿ ಅಂದವರ ಮಾತು ನೂರಕ್ಕೆ ನೂರು ನಿಜ. ತುಕ್ಕು ಹಿಡಿದ ಬೋಲ್ಟಿನ ತಲೆಗೆ ಹನ್ನೆರಡು ಮೂಲೆಯದ್ದು ಹಾಕಿ ಎಳೆದರೆ ಮೂಲೆ ಸವೆದು ಹೋಗೋ ಸಾಧ್ಯತೆ ಜಾಸ್ತಿ.

ಎತ್ತಿದ ಕಾರನ್ನು ಹೊತ್ತು ನಿಲ್ಲೋ ಜಾಕ್ ಸ್ಟ್ಯಾಂಡ್ ವಿಷಯದಲ್ಲಿ ಮಾತ್ರ ದುಡ್ಡಿನ ಮುಖ ನೋಡಲಿಲ್ಲ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಒಳಗಿನ ಎಣ್ಣೆ ತಡೆಯೋ ಸೀಲ್ ಸೋತರೆ ಕಾರು ಕೆಳಗೇ. ಈಗ ಮುಂಭಾಗ ಎತ್ತುವಾಗ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಕೈಯಿಂದ ಜೋರಾಗಿ ತಳ್ಳಿ ನೋಡಿದ ಮೇಲೇ ಕೆಳಗೆ ನುಸುಳೋದು.

ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆ ಪ್ರಕಾರ ಬಿಗಿ ಮಾಡೋ ಸ್ಪ್ಯಾನರ್) ಬಗ್ಗೆ ಯಾರೂ ಹೇಳದ ಒಂದು ವಿಷಯ: ಒಂದೇ ಸಾಕಾಗಲ್ಲ! ನನ್ನ ಕಾರಿನ ಮ್ಯಾನ್ಯುಯಲ್‌ನಲ್ಲಿ ವೀಲ್ ನಟ್‌ಗೆ 103 ನ್ಯೂಟನ್ ಮೀಟರ್, ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ ಬೋಲ್ಟಿಗೆ ಅದರ ಮೂರನೇ ಒಂದು ಭಾಗದಷ್ಟು. ನಾನು ತಂದ ರೆಂಚ್ ಶುರುವಾಗೋದೇ 40ರಿಂದ. ಚಿಕ್ಕದೊಂದು ಬೇರೆ ತರಬೇಕಾಯ್ತು. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲಾಗಲಿ ಅಂತ ಎರಡನ್ನೂ ಕಡಿಮೆ ಅಂಕಿಗೆ ಇಳಿಸಿಡ್ತೀನಿ.

ಬಡಿದು ಬೋಲ್ಟ್ ಬಿಚ್ಚೋ ಇಂಪ್ಯಾಕ್ಟ್ ಗನ್ ಸದ್ಯಕ್ಕೆ ಬೇಡ, ಬ್ರೇಕರ್ ಬಾರ್‌ನಲ್ಲೇ ಎಲ್ಲಾ ಬಿಚ್ಚಿಕೊಳ್ತಿದೆ. ಮುಂದಿನದು ವೋಲ್ಟೇಜ್ ಅಳೆಯೋ ಮಲ್ಟಿಮೀಟರ್. ಕಾರಿನ ಕಂಪ್ಯೂಟರ್ ಕೊಡೋ ದೋಷದ ಕೋಡ್ ಓದೋ ಸ್ಕ್ಯಾನರ್ ಆಮೇಲೆ ನೋಡೋಣ.