ಹ್ಯಾರಿ ಪಾಟರ್ ಐದನೇ ಪುಸ್ತಕ: ಮಕ್ಕಳಿಗೆ ಕೊಡೋಣವೋ ಬೇಡವೋ?

ಎಲ್ಲರಿಗೂ ನಮಸ್ಕಾರ. ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕದ ಬಗ್ಗೆ ಪೆರ್ಲದ ಅಕ್ಕ ಕೇಳಿದ್ದನ್ನೂ ಮುಳ್ಳೇರಿಯದ ಅಣ್ಣ ಕೊಟ್ಟ ಉತ್ತರವನ್ನೂ ಓದಿದೆ. ಮೊದಲ ನಾಲ್ಕನ್ನು ಮಗ ಊಟ ಬಿಟ್ಟು ಓದಿದ, ಐದನೆಯದರಲ್ಲಿ ಸಿಕ್ಕಿಹಾಕಿಕೊಂಡ, ಇದನ್ನು ಬಿಟ್ಟು ಆರಕ್ಕೆ ಹೋದರೆ ಆಗದಾ ಅಂತ ಅಕ್ಕನ ಪ್ರಶ್ನೆ. ಸಿನಿಮಾ ತೋರಿಸಿ, 138 ನಿಮಿಷದಲ್ಲಿ ಮುಗಿಯುತ್ತದೆ ಅಂತ ಅಣ್ಣನ ಉತ್ತರ. ಇನ್ನಿಬ್ಬರು ಇಡೀ ಸರಣಿಯಲ್ಲಿ ಇದೇ ಒಳ್ಳೆಯದು ಅಂದಿದ್ದಾರೆ. ನಾನೂ ಅವರ ಕಡೆಯೇ.

ಅಕ್ಕನ ದೂರು ಸುಳ್ಳಲ್ಲ. ನಾಲ್ಕನೆಯದು ಬಂದು ಸುಮಾರು ಮೂರು ವರ್ಷ ಆದಮೇಲೆ, 2003ರ ಜೂನ್ 21ಕ್ಕೆ ಇದು ಬಂತು. ಬ್ರಿಟನ್ನಿನ ಮುದ್ರಣದಲ್ಲಿ 766 ಪುಟ. ಮೊದಲನೆಯದು ಅಲ್ಲಿ 223 ಪುಟ ಇತ್ತು. ಲಂಡನ್ನಿನ ಹಳೇ ಮನೆಯ ಧೂಳು ಹೊಡೆಯುವುದರಲ್ಲೇ ಎಷ್ಟೋ ಪುಟ ಹೋಗುತ್ತದೆ. ಕಾಡಿನಲ್ಲಿ ಶಾಲೆಯ ಕಾವಲುಗಾರ ಹ್ಯಾಗ್ರಿಡ್ ಬಚ್ಚಿಟ್ಟ ರಾಕ್ಷಸ ತಮ್ಮನ ಭಾಗ ನನಗೂ ಬೇಕಿರಲಿಲ್ಲ. ಹ್ಯಾರಿ ಕಂಡಕಂಡವರ ಮೇಲೆ ರೇಗುತ್ತಾನೆ, ಅವನ ಕೂಗಾಟ ಸಾಲುಗಟ್ಟಲೆ ದೊಡ್ಡ ಅಕ್ಷರದಲ್ಲೇ ಇದೆ. ಕೊನೆಗೆ ಅವನಿಗೆ ಅಪ್ಪನ ಜಾಗದಲ್ಲಿದ್ದ ಸಿರಿಯಸ್ ಸಾಯುತ್ತಾನೆ. ಒಂಬತ್ತು ವರ್ಷದ ಮಗುವಿಗೆ ಇದು ಭಾರವೇ.

ಆದರೆ ಅಂಬ್ರಿಜ್ ಎಂಬ ಟೀಚರನ್ನು ನೋಡಿ. ದುಷ್ಟ ಮಾಂತ್ರಿಕ ವಾಪಸು ಬಂದಿದ್ದಾನೆ ಅಂತ ಒಪ್ಪಲು ಮಾಂತ್ರಿಕರ ಸರ್ಕಾರಕ್ಕೆ ಇಷ್ಟವಿಲ್ಲ. ಹಾಗಾಗಿ ಹ್ಯಾರಿ ಮಂತ್ರವಿದ್ಯೆ ಕಲಿಯುವ ಶಾಲೆಗೆ ತನ್ನ ಕಡೆಯವಳನ್ನೇ ಟೀಚರ್ ಮಾಡಿ ಕಳಿಸುತ್ತದೆ. ಅವಳು ಗುಲಾಬಿ ಬಟ್ಟೆ ಹಾಕಿಕೊಂಡು, ಸಕ್ಕರೆಯಂಥ ದನಿಯಲ್ಲಿ, ಮಂತ್ರದಂಡ ಒಳಗಿಡಿ, ಪುಸ್ತಕ ತೆಗೆದು ಸುಮ್ನೆ ಓದಿ ಅನ್ನುತ್ತಾಳೆ. ತಮ್ಮನ್ನು ತಾವು ಕಾಪಾಡಿಕೊಳ್ಳುವ ವಿದ್ಯೆ ಕಲಿಯಬೇಕಾದ ಪೀರಿಯಡ್ ಅದು. ಅದೂ ದೊಡ್ಡ ಪರೀಕ್ಷೆಯ ವರ್ಷ, ನಮ್ಮ ಹತ್ತನೇ ಕ್ಲಾಸಿನ ಹಾಗೆ. ಗೋಡೆಯ ಮೇಲೆ ಒಂದಾದ ಮೇಲೆ ಒಂದು ಆದೇಶ ಬೀಳುತ್ತದೆ. ಮೂರು ಅಥವಾ ಹೆಚ್ಚು ಮಕ್ಕಳು ಅನುಮತಿ ಇಲ್ಲದೆ ಗುಂಪು ಕಟ್ಟಬಾರದು ಅಂತಲೂ ಒಂದು. ಆಗ ಮಕ್ಕಳು ಗುಟ್ಟಾಗಿ ಒಂದು ಕೋಣೆಯಲ್ಲಿ ಸೇರಿ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ. ಯಾವಾಗಲೂ ಹಿಂದೆ ಬೀಳುವ ನೆವಿಲ್ ಅಲ್ಲಿ ಹಲ್ಲು ಕಚ್ಚಿ ಕಲಿಯುವುದನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಇದು ಕಾಸರಗೋಡಿನ ನಮಗೆ ಅರ್ಥವಾಗದ ಕಥೆಯಾ? 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಆದರೆ ಅಲ್ಲಿಗೆ ಕನ್ನಡ ಬಾರದ ಟೀಚರುಗಳನ್ನು ಹಾಕಿದ್ದೂ, ಮಕ್ಕಳು ಹೆತ್ತವರ ಜೊತೆ ಗೇಟಿನ ಮುಂದೆ ಕೂತದ್ದೂ, ವಿಷಯ ಕೋರ್ಟಿಗೆ ಹೋದದ್ದೂ ನಿಮಗೆಲ್ಲ ಗೊತ್ತೇ ಇದೆ. ನನ್ನ ಅಣ್ಣನ ಮಗಳ ಕ್ಲಾಸಿಗೂ ಹಾಗೆ ಒಬ್ಬ ಗಣಿತದ ಮಾಸ್ಟ್ರು ಬಂದಿದ್ದರು. ಅಂಬ್ರಿಜ್‌ಳ ಕೆಟ್ಟತನ ಅವರಲ್ಲಿ ಒಂದು ಚೂರೂ ಇರಲಿಲ್ಲ. ಪಾಪ, ಅವರನ್ನು ಅಲ್ಲಿಗೆ ಹಾಕಿದ್ದೇ ತಪ್ಪು. ಬೋರ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು, ಗಂಟೆ ಹೊಡೆಯುತ್ತಿತ್ತು. ಯಾಕೆ ಹಾಗೆ ಬಂತು ಅಂತ ಕೇಳಲು ಇವರಿಗೆ ಮಲಯಾಳ ಬಾರದು, ಹೇಳಲು ಅವರಿಗೆ ಕನ್ನಡ ಬಾರದು.

ಜುಲೈ ರಜೆಯಲ್ಲಿ ಊರಿಗೆ ಹೋದಾಗ ನನ್ನ ಮಗಳು ಚಾವಡಿಯಲ್ಲಿ ಕೂತು ಅಣ್ಣನ ಮಗಳಿಗೆ ಈ ಕಥೆ ಹೇಳುತ್ತಿದ್ದಳು. ಹೊರಗೆ ಮಳೆ, ಕರೆಂಟೂ ಇಲ್ಲ. ಅಂಬ್ರಿಜ್‌ಳ ಕ್ಲಾಸಿನ ವಿಷಯ ಬಂದದ್ದೇ ಅಣ್ಣನ ಮಗಳು, "ಮತ್ತೆ ಅವರು ಸಂಜೆ ಎಲ್ಲಿ ಸೇರಿದ್ರು?" ಅಂತ ಕೇಳಿದಳು. ಅವಳ ಕ್ಲಾಸಿನವರು ಶಾಲೆ ಬಿಟ್ಟ ಮೇಲೆ ಕಾಲೇಜಿಗೆ ಹೋಗುವ ಅಕ್ಕ ಒಬ್ಬಳ ಮನೆಯ ಜಗಲಿಯಲ್ಲಿ ಸೇರಿ ಲೆಕ್ಕ ಕಲಿಯುತ್ತಿದ್ದರಂತೆ. ಪುಸ್ತಕದ ಒಂದು ಪುಟ ನೋಡದ ಹುಡುಗಿಗೆ ಮುಂದೇನು ಅಂತ ತಾನಾಗಿ ಹೊಳೆಯಿತು. ಇಲ್ಲಿ ಪರದೇಶದಲ್ಲಿ ಏಸಿ ಕ್ಲಾಸಿನಲ್ಲಿ ಓದುವ ನನ್ನ ಮಗಳಿಗೆ ಊರಿನ ಶಾಲೆಯ ಕಷ್ಟ ತಲೆಗೆ ಹೋದದ್ದೂ ಅವತ್ತೇ. ಅದಕ್ಕೆ ಮೊದಲು ನಾನು ಎಷ್ಟು ಸಲ ಹೇಳಿದ್ದರೂ ಅದು ಅಪ್ಪನ ಹಳೇ ಪುರಾಣ ಅಷ್ಟೇ ಆಗಿತ್ತು.

ಇನ್ನು ಮುಳ್ಳೇರಿಯದ ಅಣ್ಣ ಹೇಳಿದ ಸಿನಿಮಾ. 2007ರಲ್ಲಿ ಬಂದ ಅದು ಚೆನ್ನಾಗಿಯೇ ಇದೆ, ಆದರೆ ನಮಗೆ ಬೇಕಾದ ಒಂದು ವಿಷಯ ಅದರಲ್ಲಿ ಬದಲಾಗಿದೆ. ಗುಟ್ಟಿನ ಗುಂಪನ್ನು ಹಿಡಿದುಕೊಡುವುದು ಸಿನಿಮಾದಲ್ಲಿ ಅದೇ ಗುಂಪಿನ ಹುಡುಗಿ ಚೋ, ಅದೂ ಸತ್ಯ ಬಾಯಿ ಬಿಡಿಸುವ ಮದ್ದಿನ ಬಲದಿಂದ. ಪುಸ್ತಕದಲ್ಲಿ ಹೇಳುವವಳು ಅವಳ ಗೆಳತಿ ಮರಿಯೆಟಾ. ಅವಳ ಅಮ್ಮ ಕೆಲಸ ಮಾಡುವುದು ಅದೇ ಸರ್ಕಾರದಲ್ಲಿ. ಅಮ್ಮನ ಕೆಲಸಕ್ಕೆ ತೊಂದರೆ ಆದರೆ ಅನ್ನುವ ಭಯ ಒಂದು ಹುಡುಗಿಯನ್ನು ಎಲ್ಲಿಗೆ ಮುಟ್ಟಿಸುತ್ತದೆ ನೋಡಿ. ಅಪ್ಪನ ವೀಸಾದ ಮೇಲೆ ಇಡೀ ಮನೆ ನಿಂತಿರುವ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ. ನನ್ನ ಮಗಳು ಮರಿಯೆಟಾಳ ಪರವಾಗಿ ನನ್ನ ಜೊತೆ ವಾದಕ್ಕೇ ನಿಂತಳು. ನಾನು ಒಪ್ಪಲಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಅಂಥ ಭಯ ಇದೆ ಅಂತ ನನಗೆ ಆಗಲೇ ತಿಳಿದದ್ದು.

ಹ್ಯಾರಿಯ ಸಿಟ್ಟಿನ ಬಗ್ಗೆಯೂ ಒಂದು ಮಾತು, ಅಕ್ಕ. ಅವನು ಸುಮ್ನೆ ಕೂಗಾಡುವುದಲ್ಲ. ಹಿರಿಯರೆಲ್ಲ ಬಾಗಿಲು ಹಾಕಿ ಮಾತಾಡುತ್ತಾರೆ. ಮಕ್ಕಳು ಕಿವಿಯಂಥ ಉದ್ದದ ದಾರವನ್ನು ಬಾಗಿಲ ಸಂದಿಗೆ ಬಿಟ್ಟು ಕದ್ದು ಕೇಳಬೇಕಾಗುತ್ತದೆ. ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಇಡೀ ವರ್ಷ ಅವನ ಮುಖ ಕೂಡ ನೋಡುವುದಿಲ್ಲ. ಕೊನೆಗೆ, ನಿನಗೆ ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು ಅಂತ ಅವರೇ ಒಪ್ಪುತ್ತಾರೆ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಕೆಲಸ ಹೋಗುವ ಹಾಗಿದೆ, ಮುಂದಿನ ವರ್ಷ ಊರಿಗೆ ವಾಪಸು, ಅಜ್ಜಿಗೆ ಹುಷಾರಿಲ್ಲ, ಇದನ್ನೆಲ್ಲ ಮಕ್ಕಳು ಮಲಗಿದ ಮೇಲೆ ಪಿಸುಗುಡುತ್ತೇವೆ. ಅವರು ಮಲಗಿರುವುದಿಲ್ಲ. ಆ 37ನೇ ಅಧ್ಯಾಯವನ್ನು ಮಕ್ಕಳಿಗಿಂತ ಮೊದಲು ಹೆತ್ತವರು ಓದಲಿ ಅಂತ ನನ್ನ ಆಸೆ.

ಹಾಗಾಗಿ ಅಕ್ಕ, ಬಿಟ್ಟು ಮುಂದೆ ಹೋಗುವುದು ಬೇಡ. ಸಿರಿಯಸ್ ಯಾಕಿಲ್ಲ, ಹ್ಯಾರಿಯ ಬಗ್ಗೆ ಇದ್ದ ಭವಿಷ್ಯವಾಣಿ ಏನು ಅಂತ ತಿಳಿಯದೆ ಆರನೆಯದಕ್ಕೆ ಹೋದರೆ ಅವನಿಗೆ ತಲೆಬುಡ ಗೊತ್ತಾಗುವುದಿಲ್ಲ. ಮಗನಿಗೆ ಈಗ ಒಂಬತ್ತು ಅಲ್ವಾ? ಸರಣಿಯನ್ನು ನಾಲ್ಕಕ್ಕೇ ನಿಲ್ಲಿಸಿ, ಹನ್ನೆರಡು ಹದಿಮೂರು ಆಗಲಿ. ಅಲ್ಲಿಯವರೆಗೆ ತಡೆಯಲ್ಲ ಅಂದರೆ ಜೊತೆಗೆ ಕೂತು ಓದಿ. ಅಂಬ್ರಿಜ್ ಹ್ಯಾರಿಯ ಕೈಯಲ್ಲೇ ಅವನ ಚರ್ಮ ಕೊಯ್ಯುವ ಹಾಗೆ ಬರೆಸುವ ಶಿಕ್ಷೆ ಬರುವ ಕಡೆ ನೀವು ಪಕ್ಕದಲ್ಲಿ ಇರಲೇಬೇಕು. ಕಾಡಿನ ರಾಕ್ಷಸನ ಪುಟಗಳನ್ನು ಬೇಕಾದರೆ ಬೇಗ ಬೇಗ ದಾಟಿಸಿ, ಏನೂ ನಷ್ಟವಿಲ್ಲ.

ನಮ್ಮ ಮನೆಯಲ್ಲಿ ಒಂದು ಪ್ರತಿ ಇದೆ, ಬೆನ್ನು ಸ್ವಲ್ಪ ಹರಿದಿದೆ. ಬೇಕಾದವರು ಹೇಳಿ, ಶುಕ್ರವಾರ ತಂದುಕೊಡುತ್ತೇನೆ.